ಸಂದರ್ಶನದ ಮೇಜಿನೆದುರು ಬೀದರಿನ ಲೆಕ್ಕಿಗರು

ಕಂಪನಿಯ ಫೈನಾನ್ಸ್ ಮ್ಯಾನೇಜರ್ ಹುದ್ದೆಗೆ ಸಂದರ್ಶನ ಕೊಟ್ಟು ಬಂದ ನಮ್ಮ ಜಿಲ್ಲೆಯವರನ್ನು ‘ಹ್ಯಾಂಗಾಯ್ತು?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ‘ಕೇಳಿದ್ದೆಲ್ಲಾ ಹೇಳೀನ್ರಿ ಸರ್, ಆದ್ರೂ ತಗೊಳ್ಳಿಲ್ಲ’ ಎಂಬುದು ಒಂದು. ‘ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಲ್ಲಾ ಓದ್ಕೊಂಡು ಹೋಗಿದ್ದೆ, ಅವರು ಬರೇ ನಾ ಏನ್ ಮಾಡೀನಿ ಅಂತ ಕೇಳಿದ್ರು’ ಎಂಬುದು ಇನ್ನೊಂದು. ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಹೈದರಾಬಾದ್, ಪುಣೆ, ಬೆಂಗಳೂರಿಗೆ ಇಂಥ ಸಂದರ್ಶನಕ್ಕೆ ಹೋಗುವವರ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಎರಡು ದೂರುಗಳ ಮೂಲ ಬೇರೆ ಬೇರೆ ಎಂದು ತಿಳಿಯುತ್ತದೆ. ಮೊದಲನೆಯದರಲ್ಲಿ ತಪ್ಪು ಬಹುಪಾಲು ಸಂದರ್ಶನ ಮಾಡುವವರದು. ಎರಡನೆಯದು ನಮ್ಮದೇ ತಯಾರಿಯ ಕೊರತೆ.

ಈ ಹುದ್ದೆಗಳು ಎಲ್ಲಿವೆ ಎಂಬುದನ್ನು ಮೊದಲು ನೋಡೋಣ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು ಸುಮಾರು 700 ಕಿ.ಮೀ. ನಸುಕಿನಲ್ಲಿ ಬಸ್ ಹಿಡಿದು ಜಹೀರಾಬಾದ್ ದಾಟಿ, ಗಚ್ಚಿಬೌಲಿಯಲ್ಲೋ ಹೈಟೆಕ್ ಸಿಟಿಯಲ್ಲೋ ಸಂದರ್ಶನ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಬೆಂಗಳೂರಾದರೆ ಒಂದು ರಾತ್ರಿಯ ರೈಲು, ಉಳಿಯಲು ಯಾರಾದರೂ ಸಂಬಂಧಿಕರ ಮನೆ, ಎರಡು ದಿನದ ರಜೆ. ಜಿಲ್ಲೆಯ ಒಳಗೆ ಇರುವುದು ಕೊಳಾರ ಕೈಗಾರಿಕಾ ಪ್ರದೇಶ ಮತ್ತು ಹುಮನಾಬಾದಿನ ಔಷಧ, ರಾಸಾಯನಿಕ ಘಟಕಗಳು, ಸಕ್ಕರೆ ಕಾರ್ಖಾನೆಗಳು, ಡಿಸಿಸಿ ಬ್ಯಾಂಕಿನಂಥ ಸಹಕಾರಿ ಸಂಸ್ಥೆಗಳು. ಘಟಕ ಇಲ್ಲಿದ್ದರೂ ಎಷ್ಟೋ ಕಂಪನಿಗಳ ಹಣಕಾಸಿನ ತೀರ್ಮಾನ ಹೈದರಾಬಾದಿನ ಹೆಡ್ ಆಫೀಸಿನಲ್ಲೇ ಆಗುತ್ತದೆ. ಇಲ್ಲಿ ಉಳಿಯುವುದು ಬಿಲ್ಲು, ಗೇಟ್ ಪಾಸು, ಸ್ಟಾಕ್ ರಿಜಿಸ್ಟರು. 2013ರಿಂದ ಜಾರಿಯಲ್ಲಿರುವ, ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗಕ್ಕೆ ಸಿಕ್ಕ ಮೀಸಲಾತಿ ಸರ್ಕಾರಿ ಹುದ್ದೆಗೂ ಕಾಲೇಜು ಸೀಟಿಗೂ ಅನ್ವಯಿಸುತ್ತದೆ, ಖಾಸಗಿ ಕಂಪನಿಯ ಬಾಗಿಲಲ್ಲಿ ಆ ಮೀಸಲಾತಿಯ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಹಾಗಾಗಿ ನಮ್ಮವರಲ್ಲಿ ಅನೇಕರಿಗೆ ಇದು ಜೀವನದಲ್ಲಿ ಯಾವ ರಕ್ಷಣೆಯೂ ಇಲ್ಲದೆ ಎದುರಿಸುವ ಮೊದಲ ಪರೀಕ್ಷೆ.

ಹುದ್ದೆ ಎಂಥದು ಎಂಬುದರಲ್ಲೇ ಅನೇಕರು ಎಡವುತ್ತಾರೆ. ಅಕೌಂಟೆಂಟ್ ಆದದ್ದನ್ನು ಬರೆಯುತ್ತಾನೆ. ಫೈನಾನ್ಸ್ ಮ್ಯಾನೇಜರ್ ಆಗಬೇಕಾದದ್ದಕ್ಕೆ ಹಣ ಎಲ್ಲಿಂದ, ಯಾವಾಗ, ಎಷ್ಟು ಬಡ್ಡಿಗೆ ಎಂದು ಹೇಳಬೇಕು. ಹೇಳಿದ್ದು ತಪ್ಪಾದರೆ ಅದಕ್ಕೆ ಉತ್ತರವನ್ನೂ ಕೊಡಬೇಕು. 2013ರ ಕಂಪನಿ ಕಾಯ್ದೆಯ 203ನೇ ಸೆಕ್ಷನ್ ಬಂದ ಮೇಲೆ ಷೇರುಪೇಟೆಯಲ್ಲಿ ನೋಂದಾಯಿತವಾದ ಎಲ್ಲ ಕಂಪನಿಗಳಿಗೂ, ₹10 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಬಂಡವಾಳವಿರುವ ಇತರ ಪಬ್ಲಿಕ್ ಕಂಪನಿಗಳಿಗೂ ಪೂರ್ಣಾವಧಿಯ ಸಿಎಫ್‌ಒ (ಮುಖ್ಯ ಹಣಕಾಸು ಅಧಿಕಾರಿ) ಕಡ್ಡಾಯ. ಆ ಸಿಎಫ್‌ಒ ಕೈಕೆಳಗೆ ಬಜೆಟ್ ನೋಡುವವರು, ಬ್ಯಾಂಕಿನ ವ್ಯವಹಾರ ನೋಡುವವರು, ತೆರಿಗೆ ನೋಡುವವರು, ಒಳಗಿನ ಲೆಕ್ಕಪರಿಶೋಧನೆ ನೋಡುವವರು ಎಂದು ಮ್ಯಾನೇಜರುಗಳ ಒಂದು ಪಡೆಯೇ ಬೆಳೆದಿದೆ. ವಿದೇಶಿ ಕಂಪನಿಗಳು ಲೆಕ್ಕಪತ್ರವೂ ಸೇರಿದಂತೆ ತಮ್ಮ ಕೆಲಸವನ್ನು ಬೆಂಗಳೂರು, ಹೈದರಾಬಾದಿನಂಥ ನಗರಗಳಿಗೆ ತಂದು ನಡೆಸುವ ಜಿಸಿಸಿಗಳು (ಗ್ಲೋಬಲ್ ಕೆಪಬಿಲಿಟಿ ಸೆಂಟರ್) ದೇಶದಲ್ಲಿ ಈಗ 1,700ಕ್ಕೂ ಹೆಚ್ಚು. ಇಂದಿನ ಹುದ್ದೆಗಳಲ್ಲಿ ದೊಡ್ಡ ಪಾಲು ಅಲ್ಲಿಯೇ ಹುಟ್ಟುತ್ತಿದೆ.

ಸಂದರ್ಶನ ಶುರುವಾಗುವುದು ಎಚ್‌ಆರ್ ಫೋನಿನಿಂದ. ಈಗಿನ ಸಂಬಳ ಎಷ್ಟು, ಎಷ್ಟು ನಿರೀಕ್ಷಿಸುತ್ತೀರಿ, ನೋಟಿಸ್ ಪೀರಿಯಡ್ ಎಷ್ಟು. ಹಣಕಾಸಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲದ ಈ ಐದು ನಿಮಿಷದಲ್ಲೇ ಬಹಳ ಮಂದಿ ಉದುರಿಹೋಗುತ್ತಾರೆ. ಮೂರು ತಿಂಗಳ ನೋಟಿಸ್ ಎಂದರೆ ಅತ್ತ ಕಡೆಯ ಧ್ವನಿ ತಣ್ಣಗಾಗುತ್ತದೆ. ಮುಂದಿನದು ಟೆಕ್ನಿಕಲ್ ರೌಂಡ್, ಕೆಲವು ಕಡೆ ಎಕ್ಸೆಲ್ ಪರೀಕ್ಷೆ, ಆಮೇಲೆ ಮೇಲಧಿಕಾರಿ, ಕೊನೆಗೆ ಸಿಎಫ್‌ಒ, ಮತ್ತೆ ಎಚ್‌ಆರ್. ನಾಲ್ಕೈದು ಸುತ್ತು ಒಂದೂವರೆ ತಿಂಗಳು ಎಳೆಯುವುದು ಮಾಮೂಲು.

ಟೆಕ್ನಿಕಲ್ ರೌಂಡಿನ ಒಂದು ಹಳೆಯ ಪ್ರಶ್ನೆಯನ್ನು ಇಲ್ಲಿ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಯಾರು ಓದಿದವರು, ಯಾರು ಮಾಡಿದವರು ಎಂಬುದು ಅದರಲ್ಲಿ ತಿಳಿದುಹೋಗುತ್ತದೆ. ‘ಡಿಪ್ರಿಸಿಯೇಷನ್ ₹10 ಹೆಚ್ಚಾಯಿತು. ಮೂರೂ ಪಟ್ಟಿಗಳಲ್ಲಿ ಏನಾಗುತ್ತದೆ?’ ಪುಸ್ತಕದ ಉತ್ತರ ಹೀಗೆ: ತೆರಿಗೆ ದರ ಶೇ 25 ಎಂದಿಟ್ಟುಕೊಂಡರೆ ತೆರಿಗೆಗೆ ಮುಂಚಿನ ಲಾಭ ₹10 ಇಳಿಯಿತು, ತೆರಿಗೆ ₹2.50 ಉಳಿಯಿತು, ನಿವ್ವಳ ಲಾಭ ₹7.50 ಇಳಿಯಿತು. ಡಿಪ್ರಿಸಿಯೇಷನ್ ಕೈಯಿಂದ ಹೋಗುವ ದುಡ್ಡಲ್ಲವಾದ್ದರಿಂದ ನಗದು ಹರಿವಿನ ಪಟ್ಟಿಯಲ್ಲಿ ಆ ₹10 ಮರಳಿ ಸೇರುತ್ತದೆ, ಕೈಯಲ್ಲಿ ₹2.50 ಹೆಚ್ಚು ಉಳಿಯುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರದ ಬೆಲೆ ₹10 ಕಡಿಮೆ, ನಗದು ₹2.50 ಹೆಚ್ಚು, ಮೀಸಲು ನಿಧಿ ₹7.50 ಕಡಿಮೆ. ಎರಡೂ ಕಡೆ ತಾಳೆಯಾಯಿತು.

ಇಲ್ಲಿಗೆ ನಿಲ್ಲಿಸಿದವನು ಪಾಸು. ಆದರೆ ನಮ್ಮ ದೇಶದಲ್ಲಿ ಕಂಪನಿಯ ಪುಸ್ತಕದ ಡಿಪ್ರಿಸಿಯೇಷನ್ ಕಂಪನಿ ಕಾಯ್ದೆಯ ಎರಡನೇ ಷೆಡ್ಯೂಲ್ ಪ್ರಕಾರ, ಯಂತ್ರದ ಆಯುಸ್ಸು ನೋಡಿ ಹಾಕುವುದು. ತೆರಿಗೆಗೆ ಲೆಕ್ಕ ಹಾಕುವ ಡಿಪ್ರಿಸಿಯೇಷನ್ ಆದಾಯ ತೆರಿಗೆ ಕಾನೂನು ಹೇಳುವ ದರದಲ್ಲಿ. ಒಂದು ಬದಲಾದರೆ ಇನ್ನೊಂದು ಬದಲಾಗಬೇಕಿಲ್ಲ. ಕಂಪನಿ ತನ್ನ ಪುಸ್ತಕದಲ್ಲಿ ಮಾತ್ರ ₹10 ಹೆಚ್ಚು ತೋರಿಸಿದರೆ ಸರ್ಕಾರಕ್ಕೆ ಕಟ್ಟುವ ತೆರಿಗೆ ಒಂದು ಪೈಸೆಯೂ ಇಳಿಯುವುದಿಲ್ಲ, ಕೈಯಲ್ಲಿರುವ ನಗದೂ ಅಷ್ಟೇ ಇರುತ್ತದೆ. ಆ ₹2.50 ಡೆಫರ್ಡ್ ಟ್ಯಾಕ್ಸ್ ಎಂಬ ತಲೆಬರಹದಡಿ ಹೋಗಿ ಕೂಡುತ್ತದೆ. ‘ಸರ್, ಯಾವ ಡಿಪ್ರಿಸಿಯೇಷನ್? ಬುಕ್ಸಿಂದೋ, ಟ್ಯಾಕ್ಸಿಂದೋ?’ ಎಂದು ತಿರುಗಿ ಕೇಳಿದವನನ್ನು ಯಾವ ಒಳ್ಳೆಯ ಸಂದರ್ಶಕನೂ ಮರೆಯುವುದಿಲ್ಲ. ಆ ತಿರುಗಿ ಕೇಳುವ ಧೈರ್ಯ ನಮ್ಮ ಕಡೆಯವರಿಗೆ ಕಡಿಮೆ. ಮೇಜಿನಾಚೆ ಕೂತ ಸಾಹೇಬರಿಗೆ ಎದುರು ಪ್ರಶ್ನೆ ಹಾಕುವುದು ಉದ್ಧಟತನ ಎಂದೇ ನಮಗೆ ಮನೆಯಲ್ಲಿ, ಶಾಲೆಯಲ್ಲಿ ಕಲಿಸಿದ್ದಾರೆ.

ನನಗೆ ಬಹಳ ಬೇಸರ ತರಿಸುವ ಇನ್ನೊಂದು ಸಂಗತಿಯಿದೆ. ವರ್ಕಿಂಗ್ ಕ್ಯಾಪಿಟಲ್ ಎಂದರೇನು ಎಂದು ಕೇಳಿದರೆ ಭಾಲ್ಕಿಯ ಹುಡುಗ ಪುಸ್ತಕದ ವ್ಯಾಖ್ಯೆ ಒಪ್ಪಿಸುತ್ತಾನೆ: ಚಾಲ್ತಿ ಆಸ್ತಿಯಲ್ಲಿ ಚಾಲ್ತಿ ಹೊಣೆ ಕಳೆದರೆ ಉಳಿಯುವುದು. ಸಂದರ್ಶಕರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಆ ಹುಡುಗನ ಅಪ್ಪ ಮಾತ್ರ ಪ್ರತಿ ವರ್ಷ ಕಬ್ಬಿನ ಬಾಕಿಗಾಗಿ ಕಾರ್ಖಾನೆಯ ಗೇಟಿಗೆ ಅಲೆಯುತ್ತಿರುತ್ತಾನೆ. ಆ ಬಾಕಿ ಏಕೆ ಆಗುತ್ತದೆ ಎಂಬುದಕ್ಕಿಂತ ಒಳ್ಳೆಯ ವರ್ಕಿಂಗ್ ಕ್ಯಾಪಿಟಲ್ ಪಾಠ ಯಾವ ಬಿಸಿನೆಸ್ ಸ್ಕೂಲಿನಲ್ಲೂ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ರೈತನಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. 2024–25ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ ₹340, ಅಂದರೆ ಟನ್ನಿಗೆ ₹3,400. ದಿನಕ್ಕೆ 3,000 ಟನ್ ಅರೆಯುವ ಒಂದು ಕಾರ್ಖಾನೆ ಎಂದಿಟ್ಟುಕೊಳ್ಳಿ. ದಿನಕ್ಕೆ ₹1.02 ಕೋಟಿ ರೈತರ ಹೆಸರಿಗೆ ಏರುತ್ತದೆ, 14 ದಿನಕ್ಕೆ ₹14 ಕೋಟಿ ದಾಟುತ್ತದೆ. ಅತ್ತ ಗೋದಾಮಿಗೆ ದಿನಕ್ಕೆ 307 ಟನ್ನಿಗೂ ತುಸು ಹೆಚ್ಚು ಸಕ್ಕರೆ ಬಂದು ಬೀಳುತ್ತದೆ. ಬಂದಷ್ಟನ್ನೂ ಅಂದೇ ಮಾರುವ ಹಾಗಿಲ್ಲ, ಕೇಂದ್ರ ಪ್ರತಿ ತಿಂಗಳು ಬಿಡುಗಡೆ ಮಾಡುವ ಕೋಟಾದಷ್ಟೇ ಮಾರಬೇಕು. ಕಬ್ಬು ಅರೆಯುವುದು ನಾಲ್ಕೈದು ತಿಂಗಳು, ಸಕ್ಕರೆ ಮಾರುವುದು ವರ್ಷವಿಡೀ. ನಡುವಿನ ಹಣವನ್ನು ಗೋದಾಮಿನ ಸಕ್ಕರೆ ಅಡವಿಟ್ಟು ಬ್ಯಾಂಕಿನಿಂದ ತರಬೇಕು, ಬ್ಯಾಂಕು ತನ್ನ ಮಾರ್ಜಿನ್ ಹಿಡಿದುಕೊಂಡು ಉಳಿದದ್ದನ್ನು ಮಾತ್ರ ಕೊಡುತ್ತದೆ. ಪುಸ್ತಕದಲ್ಲಿ ಲಾಭ ಇದ್ದೂ ಪೆಟ್ಟಿಗೆಯಲ್ಲಿ ದುಡ್ಡಿಲ್ಲದ ಸ್ಥಿತಿ ಹುಟ್ಟುವುದು ಹೀಗೆ. ಭಾಲ್ಕಿಯ ಮಹಾತ್ಮ ಗಾಂಧಿ ಕಾರ್ಖಾನೆ, ಜನವಾಡ ಬಳಿಯ ನಾರಂಜಾ, ಹಳ್ಳಿಖೇಡದ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ (ಬಿಎಸ್‌ಎಸ್‌ಕೆ) ಸುತ್ತ ಬೆಳೆದ ಯಾರಿಗೂ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಇದನ್ನು ಸಂದರ್ಶನದಲ್ಲಿ ಹೇಳಬಹುದು ಎಂದು ಮಾತ್ರ ಯಾರೂ ಅವರಿಗೆ ಹೇಳಿಲ್ಲ. ಹಳ್ಳಿಯ ಮಾತು ಎತ್ತಿದರೆ ತಾವು ಸಣ್ಣವರಾಗಿ ಕಾಣುತ್ತೇವೆ ಎಂಬ ಅಳುಕು ಬೇರೆ.

ಎಕ್ಸೆಲ್ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದನ್ನು ಎರಡು ತಿಂಗಳು ಕೂತು ಕಲಿಯಬಹುದು. ಟ್ಯಾಲಿ ತಂತ್ರಾಂಶ ಬಲ್ಲವರನ್ನು ಎಸ್‌ಎಪಿ ತಂತ್ರಾಂಶ ಗೊತ್ತಿಲ್ಲ ಎಂಬ ಕಾರಣಕ್ಕೆ ವಾಪಸ್ ಕಳಿಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಡೆಬಿಟ್ಟು ಕ್ರೆಡಿಟ್ಟು ಗೊತ್ತಿದ್ದವನಿಗೆ ಪರದೆ ಬದಲಾದರೆ ಹದಿನೈದು ದಿನದ ತೊಡಕು, ಅಷ್ಟೇ.

ಇನ್ನು ಎರಡನೆಯ ದೂರು: ‘ಬರೇ ನಾ ಏನ್ ಮಾಡೀನಿ ಅಂತ ಕೇಳಿದ್ರು’. ಮ್ಯಾನೇಜರ್ ಹುದ್ದೆಗೆ ಕೇಳಬೇಕಾದದ್ದೇ ಅದು. ‘ನೀವು ತೆಗೆದುಕೊಂಡ ಒಂದು ತೀರ್ಮಾನ ಹೇಳಿ. ಎಷ್ಟು ಹಣದ್ದು? ಯಾರು ಬೇಡ ಎಂದರು? ಆಮೇಲೆ ಏನಾಯಿತು?’ ಕೊಳಾರದ ಘಟಕವೊಂದರಲ್ಲಿ ಏಳೆಂಟು ವರ್ಷ ದುಡಿದವರ ಬಾಯಲ್ಲಿ ಇದಕ್ಕೆ ಬರುವ ಉತ್ತರ ಹೆಚ್ಚಾಗಿ ಹೀಗಿರುತ್ತದೆ: ‘ಸಾಹೇಬ್ರು ಹೇಳಿದ್ರು, ನಾವೆಲ್ಲಾ ಕೂಡಿ ಮಾಡಿದ್ವಿ.’ ಕಚ್ಚಾ ಮಾಲು ಕೊಟ್ಟವನ ಜತೆ ಮಾತಾಡಿ 30 ದಿನದ ಉದ್ದರಿಯನ್ನು 45 ದಿನಕ್ಕೆ ಏರಿಸಿದ್ದು ಇದೇ ವ್ಯಕ್ತಿ. ತಿಂಗಳ ಲೆಕ್ಕ ಮುಚ್ಚುವುದನ್ನು ಹನ್ನೆರಡನೇ ತಾರೀಖಿನಿಂದ ಆರನೇ ತಾರೀಖಿಗೆ ತಂದದ್ದೂ ಇವರೇ. ಕೆದಕಿ ಕೆದಕಿ ಕೇಳಿದರೆ ಹೊರಬರುತ್ತದೆ, ಸಂದರ್ಶಕರಿಗೆ ಕೆದಕುವ ಪುರುಸೊತ್ತು ಇರುವುದಿಲ್ಲ. ‘ನಾನು ಮಾಡಿದೆ’ ಎನ್ನುವುದು ಬಡಾಯಿ ಎಂಬ ಸಂಕೋಚ ನಮ್ಮ ಸೀಮೆಯ ಒಳ್ಳೆಯ ಗುಣವೇ ಇರಬಹುದು. ಸಂದರ್ಶನದಲ್ಲಿ ಅದರಿಂದ ನಷ್ಟ ಮಾತ್ರ. ಹಾಗೆಂದು ಮಾಡದ್ದನ್ನು ಮಾಡಿದೆ ಎಂದವರೂ ಇದ್ದಾರೆ. ‘ಆಗ ಬಡ್ಡಿ ದರ ಎಷ್ಟಿತ್ತು?’ ಎಂಬ ಮುಂದಿನ ಪ್ರಶ್ನೆಗೇ ಅವರು ಸಿಕ್ಕಿಬೀಳುತ್ತಾರೆ.

ಗಲ್ಫಿನಿಂದ ಮರಳಿದವರದು ಇದೇ ಕಥೆಯ ಇನ್ನೊಂದು ಮಗ್ಗುಲು. ದುಬೈಯಲ್ಲೋ ಜೆಡ್ಡಾದಲ್ಲೋ ಹತ್ತು ವರ್ಷ ಕಂಪನಿಯ ಲೆಕ್ಕ ನೋಡಿಕೊಂಡವರಿಗೆ ಮಾತಿಗೆ ಕೊರತೆಯಿಲ್ಲ. ಆದರೆ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅವರು ಇಲ್ಲಿರಲಿಲ್ಲ. ಇನ್‌ಪುಟ್ ಕ್ರೆಡಿಟ್ ತಾಳೆ ಮಾಡುವುದು ಹೇಗೆ ಎಂಬ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ. ಮರಳುವ ಆರು ತಿಂಗಳು ಮೊದಲೇ ಇದನ್ನು ಓದಿಕೊಂಡು ಬಂದವರಿಗೆ ಕೆಲಸ ಸಿಕ್ಕಿದೆ.

ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ಒಳ್ಳೆಯ ಸಿಎಫ್‌ಒ ಕೊನೆಯ ಸುತ್ತಿನಲ್ಲಿ ಅದನ್ನು ಕೇಳದೆ ಬಿಡುವುದಿಲ್ಲ: ‘ಮಾರ್ಚ್ 31ರ ಸಂಜೆ. ಮಾಲು ಇನ್ನೂ ಗೇಟು ದಾಟಿಲ್ಲ. ಈ ವರ್ಷದ ಮಾರಾಟಕ್ಕೆ ಸೇರಿಸಿಬಿಡಿ ಎಂದು ಎಂಡಿ ಫೋನ್ ಮಾಡುತ್ತಾರೆ. ಏನು ಮಾಡುತ್ತೀರಿ?’ 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇಂಡ್ ಎಎಸ್ 115ರ ಪ್ರಕಾರ ಮಾಲಿನ ಮೇಲಿನ ಹತೋಟಿ ಗಿರಾಕಿಗೆ ದಾಟಿದ ಮೇಲೆಯೇ ಅದು ಮಾರಾಟ. ಆದ್ದರಿಂದ ಆಗುವುದಿಲ್ಲ ಎನ್ನಬೇಕು. ಪ್ರಶ್ನೆ ಇರುವುದು ಸ್ಟ್ಯಾಂಡರ್ಡ್ ಗೊತ್ತೇ ಎಂಬುದರಲ್ಲಿ ಅಲ್ಲ, ಎಂಡಿಗೆ ಹಾಗೆನ್ನುವ ಬೆನ್ನೆಲುಬು ಇದೆಯೇ ಎಂಬುದರಲ್ಲಿ. ಹೈದರಾಬಾದಿನಲ್ಲಂತೂ ಈ ಪ್ರಶ್ನೆಗೆ ಇತಿಹಾಸವೇ ಇದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ ಪುಸ್ತಕದಲ್ಲಿದ್ದ ₹5,040 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕು ಇರಲೇ ಇಲ್ಲ ಎಂದಿತ್ತು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದ 10 ಮಂದಿಯಲ್ಲಿ ಕಂಪನಿಯ ಆಗಿನ ಸಿಎಫ್‌ಒ ಕೂಡ ಇದ್ದರು. ಬ್ಯಾಂಕಿನಿಂದ ನೇರವಾಗಿ ದೃಢೀಕರಣ ತರಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಯನ್ನು ಅಲ್ಲಿಯ ಸಂದರ್ಶಕರು ಇಂದಿಗೂ ಕೇಳುವುದರ ಹಿಂದೆ ಆ ನೆನಪಿದೆ.

ಬೀದರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಊರ ನಡುವೆಯೇ ನಿಂತಿದೆ. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ವಜೀರ. ಭೂಮಿ ಅಳೆಸಿ ಕಂದಾಯ ಕಟ್ಟುನಿಟ್ಟು ಮಾಡಿದವನು, ಪ್ರಾಂತಾಧಿಕಾರಿಗಳ ಕೈ ಕಟ್ಟಿದವನು. ಆ ಸಿಟ್ಟಿಗೆ ಅವನ ವಿರೋಧಿಗಳು ಮಾಡಿದ ಸಂಚನ್ನು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ವಜೀರನ ಮುದ್ರೆ ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು, ಕುಡಿಸಿ, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ದ್ರೋಹದ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಗವಾನನ ತಲೆ ಹೋಯಿತು. ಮುದ್ರೆ ಒಬ್ಬನ ಕೈಯಲ್ಲಿ, ಅದು ಎಲ್ಲಿ ಬೀಳುತ್ತದೆ ಎಂದು ಪರಿಶೀಲಿಸುವವರು ಯಾರೂ ಇಲ್ಲ. ಕಂಪನಿಗಳಲ್ಲಿ ಖಾಲಿ ಚೆಕ್ಕಿಗೆ ಸಹಿ ಹಾಕಿಡುವುದು, ಒಬ್ಬನ ಬ್ಯಾಂಕ್ ಪಾಸ್‌ವರ್ಡ್ ಇನ್ನೊಬ್ಬ ಬಳಸುವುದು ಇದೇ ಜಾತಿಯ ತಪ್ಪು. ಹಣ ಕೇಳುವವನು, ಒಪ್ಪಿಗೆ ಕೊಡುವವನು, ಕಳಿಸುವವನು ಬೇರೆ ಬೇರೆ ಇರಬೇಕು ಎಂಬ ನಿಯಮವನ್ನು ಉದಾಹರಣೆ ಸಮೇತ ವಿವರಿಸಿ ಎಂದು ಸಂದರ್ಶನದಲ್ಲಿ ಕೇಳಿದಾಗ ಅಮೆರಿಕದ ಎನ್ರಾನ್ ಕಂಪನಿಯ ಹಗರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಲೆಕ್ಕಕ್ಕೆ ಉತ್ತರ ಕೊಡುವವರ ಪರಂಪರೆ ಬೇಕೆಂದರೆ ಬಸವಕಲ್ಯಾಣವೂ ಇದೇ ಜಿಲ್ಲೆಯಲ್ಲಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಮೇಲೆ ಬೊಕ್ಕಸ ಕರಗಿಸಿದ ದೂರು ಬಂದು, ಎಣಿಸಿ ನೋಡಿದಾಗ ಒಂದು ಹೊನ್ನೂ ಕಮ್ಮಿಯಿರಲಿಲ್ಲ ಎಂದು ಪುರಾಣಗಳು ಹೇಳುತ್ತವೆ.

ಈಗ ಮೊದಲನೆಯ ದೂರಿಗೆ ಬರುತ್ತೇನೆ. ಕೇಳಿದ್ದೆಲ್ಲ ಹೇಳಿದರೂ ತೆಗೆದುಕೊಳ್ಳದಿರುವುದು ಏಕೆ? ಹೆಚ್ಚಿನ ಕಂಪನಿಗಳಲ್ಲಿ ಸಂದರ್ಶನ ಎಂದರೆ ಇಬ್ಬರು ಹಿರಿಯರು ತಮಗೆ ತೋಚಿದ್ದನ್ನು ಕೇಳುತ್ತಾ ಹೋಗುವುದು. ಒಬ್ಬನಿಗೆ ಲೀಸ್ ಅಕೌಂಟಿಂಗ್, ಮತ್ತೊಬ್ಬನಿಗೆ ಹವ್ಯಾಸ. ಅಂಕ ಕೊಡುವ ಹಾಳೆ ಇರುವುದಿಲ್ಲ. ಕೊನೆಗೆ ‘ಹುಡುಗ ಸ್ಮಾರ್ಟ್ ಇದಾನೆ’ ಎಂಬ ಅನಿಸಿಕೆ ಗೆಲ್ಲುತ್ತದೆ. ಇದು ಎಷ್ಟು ಕೆಲಸಕ್ಕೆ ಬಾರದ ಪದ್ಧತಿ ಎಂದು ಸಂಶೋಧನೆಗಳು ಹೇಳುತ್ತಲೇ ಬಂದಿವೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ತಿದ್ದಿ ಮತ್ತೆ ಹಾಕಿದರು. ಎಲ್ಲರಿಗೂ ಒಂದೇ ಪ್ರಶ್ನೆ, ಉತ್ತರಕ್ಕೆ ಮೊದಲೇ ಗೊತ್ತು ಮಾಡಿದ ಅಂಕ ಎಂಬ ಕ್ರಮದ ಸಂದರ್ಶನಕ್ಕೂ ಮುಂದೆ ಕೆಲಸದಲ್ಲಿ ಕಾಣುವ ಸಾಮರ್ಥ್ಯಕ್ಕೂ ಇರುವ ಸಂಬಂಧ 0.42. ತೋಚಿದ್ದು ಕೇಳುವ ಸಂದರ್ಶನದ್ದು 0.19. ಕೋಟ್ಯಂತರ ರೂಪಾಯಿಯ ಯಂತ್ರ ಕೊಳ್ಳುವಾಗ ಮೂರು ಕೊಟೇಶನ್ ತರಿಸಿ ಹೋಲಿಕೆ ಪಟ್ಟಿ ಬರೆಸುವ ಹಣಕಾಸು ವಿಭಾಗದವರು, ತಮ್ಮದೇ ವಿಭಾಗಕ್ಕೆ ಮನುಷ್ಯನನ್ನು ಆರಿಸುವಾಗ ಒಂದು ಹಾಳೆಯನ್ನೂ ಮುಂದಿಟ್ಟುಕೊಳ್ಳುವುದಿಲ್ಲ.

ತೋಚಿದ್ದು ಕೇಳುವ ಕಡೆ ಬಂದೇ ಬರುವ ಪ್ರಶ್ನೆ ‘ಮನೆಯ ಹಿನ್ನೆಲೆ ಏನು? ಅಪ್ಪ ಏನು ಮಾಡುತ್ತಾರೆ?’ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಈ ಬಗ್ಗೆ ಕೆಲವು ಅಧ್ಯಯನಗಳನ್ನು ಪ್ರಕಟಿಸಿತ್ತು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳಿಸಿದಾಗ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಕಡಿಮೆ ಬಂದವು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಮಾತಾಡಿಸಿದ ಮಾನವ ಸಂಪನ್ಮೂಲ ಅಧಿಕಾರಿಗಳು, ತಮಗೆ ಪ್ರತಿಭೆಯೊಂದೇ ಮುಖ್ಯ ಎನ್ನುತ್ತಲೇ, ಮನೆತನದ ಹಿನ್ನೆಲೆ ಕೇಳುವುದು ಅಗತ್ಯ ಎಂದೂ ಹೇಳಿದ್ದರು. ಅಶ್ವಿನಿ ದೇಶಪಾಂಡೆ ಮತ್ತು ನ್ಯೂಮನ್ ದೆಹಲಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಂದ ಕೇಳಿ ತಿಳಿದದ್ದೂ ಅದಕ್ಕೆ ಹೊಂದುತ್ತದೆ. ಬೀದರಿನಂಥ ಜಿಲ್ಲೆಯಿಂದ ಹೋಗುವವರಲ್ಲಿ ಈ ಪ್ರಶ್ನೆ ಚುಚ್ಚದವರು ಕಡಿಮೆ. ಅಪ್ಪ ಹಮಾಲಿ ಮಾಡುತ್ತಾರೋ ಒಕ್ಕಲುತನ ಮಾಡುತ್ತಾರೋ ಎಂಬುದರಿಂದ ಮಗಳಿಗೆ ಕ್ಯಾಶ್ ಫ್ಲೋ ತಯಾರಿಸಲು ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಕೊಸರು. ‘ಮದುವೆ ಯಾವಾಗ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಕ್ವಾರ್ಟರ್ ಎಂಡಿನಲ್ಲಿ ರಾತ್ರಿ ಹತ್ತರವರೆಗೆ ಇರಬೇಕಾಗುತ್ತದೆ, ಮನೆಯಲ್ಲಿ ಒಪ್ಪುತ್ತಾರಾ?’ ಪಕ್ಕದಲ್ಲಿ ಕಾದು ಕೂತ ಗಂಡಸು ಅಭ್ಯರ್ಥಿಗೆ ಇದರಲ್ಲಿ ಒಂದನ್ನೂ ಕೇಳುವುದಿಲ್ಲ. ನೇಮಕಾತಿಯಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ‘ಕೆಲಸದ ವೇಳೆ ಎಷ್ಟು ಎಂದು ತಿಳಿಸಿ ಸರ್, ಅದನ್ನು ನಿಭಾಯಿಸುವ ಜವಾಬ್ದಾರಿ ನನ್ನದು’ ಎಂದಷ್ಟೇ ಹೇಳಿ ಮಾತು ಮುಗಿಸುವುದು ಜಾಣತನ. ನಗುತ್ತ ಹೇಳಬೇಕಾಗಿಯೂ ಇಲ್ಲ.

ಭಾಷೆಯ ಮಾತು. ಔರಾದ್ ಸೀಮೆಯ ಡಾಬಕಾದಂಥ ಗಡಿ ಊರುಗಳಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬಿದ್ದೇ ಮಕ್ಕಳು ಬೆಳೆಯುತ್ತಾರೆ. ಬೀದರ್ ಪೇಟೆಗೆ ಬಂದರೆ ದಖ್ಖನಿ, ಗಡಿಯಾಚೆ ತೆಲುಗು. ಇಂಥವರು ಪುಣೆಯ ವ್ಯಾಪಾರಿಯಿಂದಲೂ ಹೈದರಾಬಾದಿನ ವಿತರಕನಿಂದಲೂ ಬಾಕಿ ವಸೂಲಿ ಮಾಡಬಲ್ಲರು. ಕಂಪನಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇಕೇ? ಸಂದರ್ಶನದಲ್ಲಿ ಅದಕ್ಕೆ ಅಂಕವಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿದರೆ ವಿಷಯವೇ ಗೊತ್ತಿಲ್ಲ ಎಂದು ತೀರ್ಮಾನವಾಗುತ್ತದೆ. ವಿದೇಶಿ ಕಚೇರಿಯ ಜತೆ ದಿನಾ ಮಾತಾಡಬೇಕಾದ ಹುದ್ದೆಯಾದರೆ ಇಂಗ್ಲಿಷ್ ಬೇಕು ಎನ್ನುವುದು ನ್ಯಾಯ. ಅಂಥ ಹುದ್ದೆಗೆ ಹೋಗುವವರು ನೆಪ ಹೇಳದೆ ಕಲಿಯಬೇಕು. ಊರೊಳಗಿನ ಕಾರ್ಖಾನೆಯ ಪ್ಲಾಂಟ್ ಫೈನಾನ್ಸ್ ಹುದ್ದೆಗೂ ಅದೇ ಅಳತೆ ಹಿಡಿಯುವುದು ಅನ್ಯಾಯ. ಕೊರೊನಾ ವರ್ಷಗಳಿಂದ ಮೊದಲ ಸುತ್ತುಗಳು ವಿಡಿಯೊದಲ್ಲಿ ನಡೆಯುವುದರಿಂದ ಬಸ್ಸಿನ ಖರ್ಚು ಉಳಿದಿದೆ, ನಿಜ. ನೆಟ್‌ವರ್ಕ್ ಕೈಕೊಟ್ಟಾಗ ಅರ್ಧಕ್ಕೆ ನಿಂತ ಉತ್ತರವನ್ನೂ ಅಭ್ಯರ್ಥಿಯ ಲೆಕ್ಕಕ್ಕೇ ಬರೆಯುತ್ತಾರೆ. ಹಳ್ಳಿಯಲ್ಲಿರುವವರು ಆ ದಿನ ಪಟ್ಟಣದ ಗೆಳೆಯನ ಕೋಣೆಗೆ ಹೋಗಿ ಕೂರುವುದು ವಾಸಿ.

ಕಂಪನಿಯ ಕೋಟಿ ರೂಪಾಯಿಗೆ ಬಡ್ಡಿ ಚೌಕಾಸಿ ಮಾಡುವವರು ತಮ್ಮ ಸಂಬಳದ ಚರ್ಚೆ ಬಂದಾಗ ‘ಎಷ್ಟ್ ಕೊಡ್ತೀರಿ ಕೊಡ್ರಿ ಸರ್’ ಎಂದುಬಿಡುತ್ತಾರೆ. ಹಾಗೆನ್ನುವುದು ಹುದ್ದೆಗೇ ವಿರುದ್ಧ. ಸಿಟಿಸಿ ಎಂದು ಹೇಳುವ ಮೊತ್ತದಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಬರಬಹುದು ಬರದಿರಬಹುದಾದ ವೇರಿಯಬಲ್ ಎಲ್ಲ ಸೇರಿರುತ್ತವೆ. ತಿಂಗಳಿಗೆ ಕೈಗೆ ಬರುವುದು ಎಷ್ಟು ಎಂದು ಬರವಣಿಗೆಯಲ್ಲಿ ಕೇಳಬೇಕು. ಕೆಲಸ ಕೊಡಿಸಲು ಡಿಪಾಸಿಟ್ ಕಟ್ಟಿ ಎನ್ನುವವರು ಯಾರೇ ಆಗಲಿ, ಅಲ್ಲಿಂದ ಎದ್ದು ಬರಬೇಕು.

ಅಭ್ಯರ್ಥಿಯೂ ಕಂಪನಿಯನ್ನು ಸಂದರ್ಶಿಸಬಹುದು ಎಂಬುದು ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ. ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ₹100 ಕಟ್ಟಿದರೆ ಯಾವುದೇ ಕಂಪನಿ ಸಲ್ಲಿಸಿದ ಸಾರ್ವಜನಿಕ ದಾಖಲೆಗಳನ್ನು ನೋಡಬಹುದು. ಬ್ಯಾಲೆನ್ಸ್ ಶೀಟಿಗಿಂತ ಮೊದಲು ಆಡಿಟರ ವರದಿ ಓದಿ. 2021–22ರಿಂದ ಜಾರಿಯಲ್ಲಿರುವ ಕಾರೊ 2020 (ಕಂಪನಿಗಳ ಆಡಿಟರ ವರದಿ ಆದೇಶ) ಅನ್ವಯಿಸುವ ಕಂಪನಿಗಳಲ್ಲಿ, ಪಿಎಫ್, ಜಿಎಸ್‌ಟಿ ಬಾಕಿ ಇದೆಯೇ, ಬ್ಯಾಂಕ್ ಸಾಲ ಸುಸ್ತಿಯಾಗಿದೆಯೇ, ನಡುವೆ ಆಡಿಟರು ರಾಜೀನಾಮೆ ಕೊಟ್ಟರೇ ಎಂಬುದನ್ನು ಆಡಿಟರು ಬರೆಯಲೇಬೇಕು. ಎರಡು ವರ್ಷದಲ್ಲಿ ಮೂವರು ಸಿಎಫ್‌ಒ ಬದಲಾಗಿದ್ದರೆ ‘ಹಿಂದಿನವರು ಏಕೆ ಬಿಟ್ಟರು?’ ಎಂದು ಕೇಳಿ. ಮಾರ್ಚ್ 31ರ ಪ್ರಶ್ನೆಗೆ ನೀವು ಆಗುವುದಿಲ್ಲ ಎಂದಾಗ ಎದುರಿದ್ದವರ ಮುಖ ಬಾಡಿದರೆ ಆ ಕೆಲಸ ಸಿಗದಿದ್ದದ್ದೇ ಒಳ್ಳೆಯದಾಯಿತು.

ಸೋತವರಿಗೆ ಕಾರಣ ತಿಳಿಸದಿರುವುದು ಈ ಇಡೀ ವ್ಯವಸ್ಥೆಯ ಅತಿ ಕೆಟ್ಟ ಚಾಳಿ. ನಾಲ್ಕು ಸುತ್ತು ಕೂರಿಸಿ, ರಜೆ ಹಾಕಿಸಿ, 700 ಕಿ.ಮೀ. ಓಡಾಡಿಸಿ, ಕೊನೆಗೆ ಒಂದು ಸಾಲಿನ ಮೇಲ್ ಕೂಡ ಕಳಿಸದ ಕಂಪನಿಗಳು ಬೇಕಾದಷ್ಟಿವೆ. ಅಂಕದ ಹಾಳೆ ಇದ್ದಿದ್ದರೆ ಕಾರಣ ಹೇಳುವುದು ಕಷ್ಟವಾಗುತ್ತಿರಲಿಲ್ಲ. ಹಾಳೆ ಇಲ್ಲ, ಆದ್ದರಿಂದ ಹೇಳಲು ಕಾರಣವೂ ಇಲ್ಲ.

ಕಂಪನಿಗಳನ್ನು ನಾವು ಇಲ್ಲಿ ಕೂತು ತಿದ್ದಲಾರೆವು. ನಮ್ಮ ಕೈಯಲ್ಲಿರುವುದನ್ನು ಮಾಡಬಹುದು. ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ಬೀದರ್ ವಿಶ್ವವಿದ್ಯಾಲಯ ಇದೆ, ಬೀದರ್, ಭಾಲ್ಕಿ, ಔರಾದ್ ಮೂರೂ ಊರುಗಳಲ್ಲಿ ಬಿಕಾಂ ಕಾಲೇಜುಗಳಿವೆ. ಸಹಕಾರಿ ಕಾರ್ಖಾನೆ, ಬ್ಯಾಂಕುಗಳ ವಾರ್ಷಿಕ ವರದಿಗಳು ಪ್ರತಿ ವರ್ಷ ಮಹಾಸಭೆಯ ಹೊತ್ತಿಗೆ ಸದಸ್ಯರ ಮನೆಗೆ ಬರುತ್ತವೆ, ಮಾಡದ ಮೇಲೆ ಧೂಳು ತಿನ್ನುತ್ತವೆ. ವಾಣಿಜ್ಯ ವಿಭಾಗದ ಮೇಷ್ಟ್ರುಗಳು ಅಂಥದ್ದೊಂದು ವರದಿಯನ್ನು ತರಗತಿಗೆ ತಂದು, ಕಬ್ಬಿನ ಬಾಕಿ ಯಾವ ಸಾಲಿನಲ್ಲಿದೆ, ಅಡವಿಟ್ಟ ಸಕ್ಕರೆ ಎಲ್ಲಿದೆ, ಬಡ್ಡಿ ಎಷ್ಟು ಎಂದು ಹುಡುಗರಿಂದಲೇ ಹುಡುಕಿಸಲಿ. ಬೀದರಿನಲ್ಲಿ ಪ್ರಾಕ್ಟೀಸ್ ಮಾಡುವ ಸಿಎಗಳು, ನಿವೃತ್ತ ಬ್ಯಾಂಕ್ ಅಧಿಕಾರಿಗಳು ತಿಂಗಳಿಗೊಂದು ಭಾನುವಾರ ಬಂದು ಮೇಜಿನಾಚೆ ಕೂತು ಅಣಕು ಸಂದರ್ಶನ ಮಾಡಲಿ. ಮುಗಿದ ಮೇಲೆ ಪ್ರತಿಯೊಬ್ಬರಿಗೂ ಅಂಕದ ಹಾಳೆ ಕೈಗೆ ಕೊಟ್ಟು, ಎಲ್ಲಿ ತಪ್ಪಿತು ಎಂದು ಮುಖಕ್ಕೇ ಹೇಳಲಿ. ಮುಂದಿನ ಮಹಾಸಭೆಯ ವರದಿ ಕೈಗೆ ಬರುವ ಹೊತ್ತಿಗೆ ಯಾವುದಾದರೂ ಒಂದು ಕಾಲೇಜಾದರೂ ಇದನ್ನು ಶುರು ಮಾಡಬೇಕು.